‘ಎಲ್ಲಾ ಸೇರಿ ಗಂಟೆಗೆ ಸಾವಿರ’ ಎಂದರೆ ನಿಮಗೆ ಉಳಿಯುವುದೆಷ್ಟು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೆ. ವರ್ಷಕ್ಕೆ 13 ಲಕ್ಷದ ಪ್ಯಾಕೇಜು, ಕೈಗೆ ತಿಂಗಳಿಗೆ 90 ಸಾವಿರದ ಆಸುಪಾಸು ಬರುತ್ತಿತ್ತು. ಏಪ್ರಿಲ್‌ನಿಂದ ಊರಿಗೆ ಬಂದು ಸ್ವತಂತ್ರವಾಗಿ ಗುತ್ತಿಗೆ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರಿನದೇ ಇನ್ನೊಂದು ಕಂಪನಿ ತಿಂಗಳಿಗೆ 100 ಗಂಟೆ ಕೆಲಸಕ್ಕೆ ₹1,20,000 ಕೊಡುತ್ತದೆ. ಆದರೆ ಖಾತೆಗೆ ಬರುವುದು ₹1,08,000. ಹಿಡಿದುಕೊಂಡದ್ದು ಜಿಎಸ್‌ಟಿ ಅಂದುಕೊಂಡಿದ್ದೆ, ಅಲ್ಲ ಎನ್ನುತ್ತಾರೆ. ಈಗ ಪುಣೆಯ ಕಂಪನಿಯೊಂದು ತಿಂಗಳಿಗೆ 40 ಗಂಟೆ ಕೆಲಸ ಕೊಡಲು ಮುಂದೆ ಬಂದಿದೆ. ‘ತೆರಿಗೆ ಎಲ್ಲಾ ಸೇರಿ ಗಂಟೆಗೆ ಸಾವಿರ’ ಎನ್ನುತ್ತಿದೆ. ಅಮೆರಿಕದ ಸಣ್ಣ ಸಂಸ್ಥೆಯೊಂದರಿಂದ ತಿಂಗಳಿಗೆ ಸುಮಾರು ₹25,000 ಆಗುವಷ್ಟು ಡಾಲರ್ ಬರುತ್ತದೆ. ಮೇಲಿನ ಮನೆಯಿಂದ ತಿಂಗಳಿಗೆ ₹8,000 ಬಾಡಿಗೆ ಬರುತ್ತದೆ. ನಾನು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೇ? ಮಾಡಿಸಿದರೆ ಶೇ 18 ನನ್ನ ಜೇಬಿನಿಂದ ಹೋಗುತ್ತದೆಯೇ? ಪುಣೆಯವರಿಗೆ ಎಷ್ಟು ದರ ಹೇಳಲಿ?

ಉತ್ತರ: ಪುಣೆಯವರಿಗೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲವಾದರೆ ಈ ಉತ್ತರ ಓದಿ ಮುಗಿಸುವವರೆಗೆ ಕೊಡಬೇಡಿ. ‘ಎಲ್ಲಾ ಸೇರಿ’ ಎಂಬ ಎರಡು ಪದಗಳಲ್ಲಿ ನಿಮ್ಮ ಗಂಟೆಗೆ ನೂರೈವತ್ತು ರೂಪಾಯಿ ಅಡಗಿದೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಲೆಕ್ಕಗಳು ಒಂದರೊಳಗೊಂದು ಕಲಸಿಹೋಗಿವೆ: ನಿಮ್ಮ ದುಡಿಮೆಯ ದರ, ಆ ದರದ ಮೇಲೆ ಗಿರಾಕಿಯಿಂದ ವಸೂಲಿ ಮಾಡುವ ಜಿಎಸ್‌ಟಿ, ಆ ದರದಿಂದ ಗಿರಾಕಿ ಮುರಿದುಕೊಳ್ಳುವ ಟಿಡಿಎಸ್. ಬಿಡಿಸಿ ನೋಡಿದರೆ ಯಾವುದೂ ಕಷ್ಟವಲ್ಲ. ಇಲ್ಲಿ ಕೊಡುವ ದರ ಮತ್ತು ಮಿತಿಗಳು 2025-26ರ ಆರ್ಥಿಕ ವರ್ಷದವು.

ಮೊದಲು ಆ ಹನ್ನೆರಡು ಸಾವಿರ

ಬೆಂಗಳೂರಿನವರು ಹಿಡಿಯುತ್ತಿರುವುದು ಟಿಡಿಎಸ್, ಅಂದರೆ ನಿಮ್ಮ ಆದಾಯ ತೆರಿಗೆಯ ಮುಂಗಡ ಕಂತು. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ ಪ್ರಕಾರ ವೃತ್ತಿಪರ ಸೇವೆಗೆ ವರ್ಷಕ್ಕೆ ₹50,000 ಮೀರಿ ಕೊಟ್ಟರೆ ಕಂಪನಿ ಶೇ 10 ಮುರಿದು ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. (2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ ₹30,000 ಇತ್ತು.) ಹಾಗಾಗಿ ಆ ದುಡ್ಡು ಎಲ್ಲೂ ಹೋಗಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಫಾರ್ಮ್ 26ಎಎಸ್ (ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ತೆರೆದು ನೋಡಿ. ಪ್ರತಿ ತ್ರೈಮಾಸಿಕದ ಕಡಿತವೂ ಅಲ್ಲಿ ಕಾಣಬೇಕು. ಕಾಣದಿದ್ದರೆ ಕಂಪನಿ ಹಿಡಿದಿದೆ, ಕಟ್ಟಿಲ್ಲ ಎಂದರ್ಥ. ಅಥವಾ ಕಟ್ಟಿದರೂ ಪ್ಯಾನ್ ಸಂಖ್ಯೆ ತಪ್ಪಾಗಿ ನಮೂದಾಗಿರಬಹುದು. ವರ್ಷ ಮುಗಿಯುವ ಮುನ್ನವೇ ಕೇಳಿ. ರಿಟರ್ನ್ ಸಲ್ಲಿಸುವ ಹೊತ್ತಿಗೆ ಕೇಳಿದರೆ ಅವರ ಲೆಕ್ಕ ವಿಭಾಗದಲ್ಲಿ ನಿಮ್ಮನ್ನು ನೆನಪಿಟ್ಟುಕೊಂಡವರು ಯಾರೂ ಇರುವುದಿಲ್ಲ.

ಅದೇ ಸೆಕ್ಷನ್‌ನಲ್ಲಿ ‘ತಾಂತ್ರಿಕ ಸೇವೆ’ಗೆ ಶೇ 2ರ ದರವೂ ಇದೆ. ಇನ್ನು ಕೆಲವರು ಗುತ್ತಿಗೆದಾರರ ಸೆಕ್ಷನ್ 194ಸಿ ಹಚ್ಚಿ ವ್ಯಕ್ತಿಗಳಿಗೆ ಶೇ 1 ಹಿಡಿಯುತ್ತಾರೆ. ಯಾವುದು ಅನ್ವಯ ಎಂಬುದು ಕರಾರಿನ ಸ್ವರೂಪದ ಮೇಲೆ ನಿಂತಿದೆ. ಆದರೆ ಅನುಮಾನ ಬಂದರೆ ಕಂಪನಿಗಳು ದೊಡ್ಡ ದರಕ್ಕೇ ಹೋಗುತ್ತವೆ, ಕಡಿಮೆ ಹಿಡಿದರೆ ದಂಡ ಬೀಳುವುದು ಅವರಿಗೇ. ಇದಕ್ಕಾಗಿ ಜಗಳ ಆಡುವುದು ಬೇಡ. ಹೆಚ್ಚು ಹಿಡಿದದ್ದು ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ. ಕೈಯಲ್ಲಿ ಓಡಾಡುವ ದುಡ್ಡು ಅಷ್ಟು ದಿನ ಕಟ್ಟಿಹೋಗುತ್ತದೆ ಎಂಬುದಷ್ಟೇ ನಷ್ಟ. ಅಂದಹಾಗೆ, 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬರುವುದರಿಂದ ಈ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಜನರ ಬಾಯಲ್ಲಿ 194ಜೆ ಇನ್ನೂ ಬಹುಕಾಲ ಉಳಿಯುತ್ತದೆ, ಗಾಬರಿಯಾಗಬೇಡಿ.

ಎಷ್ಟು ವಾಪಸ್ ಬಂದೀತು? ಇದು ಬಹಳ ಜನರಿಗೆ ಗೊತ್ತಿಲ್ಲದ ಭಾಗ. ಸೆಕ್ಷನ್ 44ಎಡಿಎ ಎಂಬುದೊಂದಿದೆ. ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಲೆಕ್ಕಪರಿಶೋಧನೆ, ತಾಂತ್ರಿಕ ಸಲಹೆ, ಒಳಾಂಗಣ ಅಲಂಕಾರ ಮುಂತಾದ ಪಟ್ಟಿ ಮಾಡಿದ ವೃತ್ತಿಗಳಲ್ಲಿ ಇರುವವರು ತಮ್ಮ ಒಟ್ಟು ವೃತ್ತಿ ಆದಾಯದ ಅರ್ಧವನ್ನು ಲಾಭವೆಂದು ತೋರಿಸಿ, ಖರ್ಚಿನ ಚೀಟಿ ಚಪಾಟಿ ಇಟ್ಟುಕೊಳ್ಳುವ ಗೋಜಿಲ್ಲದೆ ರಿಟರ್ನ್ ಸಲ್ಲಿಸಬಹುದು. ವರ್ಷದ ಜಮೆ ₹50 ಲಕ್ಷದವರೆಗೆ ಈ ಅವಕಾಶ. ನಗದು ಜಮೆ ಶೇ 5 ಮೀರದಿದ್ದರೆ ₹75 ಲಕ್ಷದವರೆಗೆ. ನಿಮ್ಮದು ಬರೀ ಕೋಡ್ ಬರೆದುಕೊಡುವ ಕೆಲಸವೇ, ತಾಂತ್ರಿಕ ಸಲಹೆಯೇ ಎಂಬುದನ್ನು ಕರಾರು ತೋರಿಸಿ ನಿಮ್ಮ ಸಿಎ ಹತ್ತಿರ ಒಮ್ಮೆ ಖಚಿತಪಡಿಸಿಕೊಳ್ಳಿ.

ಅನ್ವಯವಾಗುತ್ತದೆ ಎಂದಿಟ್ಟುಕೊಳ್ಳೋಣ. ನೀವು ಬರೆದ ಅಂಕಿಗಳನ್ನೇ ಹಿಡಿದರೆ ಬೆಂಗಳೂರು 14.40 ಲಕ್ಷ, ಪುಣೆ 4.80 ಲಕ್ಷ, ಅಮೆರಿಕ 3 ಲಕ್ಷ, ಒಟ್ಟು 22.20 ಲಕ್ಷ. ಅರ್ಧ ಎಂದರೆ 11.10 ಲಕ್ಷ. ಮನೆ ಬಾಡಿಗೆ ವರ್ಷಕ್ಕೆ ₹96,000. ಅದರಲ್ಲಿ ಶೇ 30 ಕಳೆದು ₹67,200 ಸೇರಿಸಿ. ಒಟ್ಟು ಆದಾಯ ₹11,77,200. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಹಿಡಿದ ಟಿಡಿಎಸ್ ಎಲ್ಲವೂ ಮರಳಿ ನಿಮ್ಮ ಖಾತೆಗೆ ಬರುತ್ತದೆ. ಒಂದು ಎಚ್ಚರಿಕೆ: ನಿಜವಾದ ಲಾಭ ಅರ್ಧಕ್ಕಿಂತ ಹೆಚ್ಚಿದ್ದು, ಅದನ್ನು ನೀವೇ ಬೇರೆ ಕಡೆ, ಉದಾಹರಣೆಗೆ ಸಾಲದ ಅರ್ಜಿಯಲ್ಲಿ, ಹೇಳಿಕೊಂಡಿದ್ದರೆ ಇಲ್ಲಿ ಅರ್ಧ ತೋರಿಸುವುದು ತೊಂದರೆಗೆ ದಾರಿ.

ಆದಾಯ ತೆರಿಗೆ ಸೊನ್ನೆ, ಆದರೂ ಜಿಎಸ್‌ಟಿ

ಇಲ್ಲೇ ಜನ ಎಡವುವುದು. ‘ನನಗೆ ತೆರಿಗೆಯೇ ಬರುವುದಿಲ್ಲ, ಜಿಎಸ್‌ಟಿ ಯಾಕೆ?’ ಎಂದು ಕೇಳುತ್ತಾರೆ. ಆದಾಯ ತೆರಿಗೆ ನೋಡುವುದು ನಿಮಗೆ ಉಳಿದದ್ದನ್ನು. ಜಿಎಸ್‌ಟಿ ನೋಡುವುದು ಒಟ್ಟು ವಹಿವಾಟನ್ನು. ಖರ್ಚು ಎಷ್ಟಾಯಿತು, ನಷ್ಟವಾಯಿತೇ ಎಂಬುದರ ಗೊಡವೆ ಅದಕ್ಕಿಲ್ಲ.

2017ರ ಜುಲೈ 1ರಂದು ಸೇವಾ ತೆರಿಗೆ, ವ್ಯಾಟ್ ಮೊದಲಾದವು ಹೋಗಿ ಜಿಎಸ್‌ಟಿ ಬಂತು. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಹಿವಾಟು ಒಂದು ಆರ್ಥಿಕ ವರ್ಷದಲ್ಲಿ ₹20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನೀವು ಕೇಳಿರಬಹುದಾದ ₹40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ, ನಿಮಗಲ್ಲ.

ಈ 20 ಲಕ್ಷಕ್ಕೆ ಏನೇನು ಸೇರುತ್ತದೆ ಎಂಬುದರಲ್ಲಿ ಕುತ್ತು ಇದೆ. ಒಂದೇ ಪ್ಯಾನ್ ಅಡಿ ಬರುವ ತೆರಿಗೆ ಇರುವ ಸೇವೆ, ತೆರಿಗೆ ವಿನಾಯಿತಿ ಇರುವ ಸೇವೆ, ರಫ್ತು, ಹೊರರಾಜ್ಯದ ಕೆಲಸ ಎಲ್ಲವೂ ಕೂಡುತ್ತವೆ. ವಾಸಕ್ಕೆ ಕೊಟ್ಟ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲ, ಆದರೆ ಮಿತಿಯ ಎಣಿಕೆಗೆ ಅದೂ ಬರುತ್ತದೆ. ಅಮೆರಿಕದ ಡಾಲರಿಗೆ ಜಿಎಸ್‌ಟಿ ಬೀಳುವುದಿಲ್ಲ, ಆದರೆ ಎಣಿಕೆಗೆ ಬರುತ್ತದೆ. ಸಂಬಳ ಮಾತ್ರ ಬರುವುದಿಲ್ಲ. ನಿಮ್ಮ ಲೆಕ್ಕ ಹೀಗಿದೆ: ಬೆಂಗಳೂರು, ಅಮೆರಿಕ, ಬಾಡಿಗೆ ಸೇರಿ 18.36 ಲಕ್ಷ. ಇಷ್ಟರವರೆಗೆ ನೀವು ಕೆಳಗಿದ್ದೀರಿ. ಪುಣೆಯ 4.80 ಲಕ್ಷ ಸೇರಿದ ಕೂಡಲೇ 23.16 ಲಕ್ಷ. ಅಮೆರಿಕದ ಕೆಲಸ ನಿಂತೇ ಹೋದರೂ 20.16 ಲಕ್ಷ, ಬಾಡಿಗೆಯ ದೆಸೆಯಿಂದ ಗೆರೆ ದಾಟಿತು. ಪುಣೆಯ ಕೆಲಸ ವರ್ಷದ ನಡುವೆ ಶುರುವಾದರೆ ಈ ವರ್ಷ ಒಳಗೇ ಉಳಿಯಬಹುದು, ಮುಂದಿನ ವರ್ಷ ಉಳಿಯಲಾರಿರಿ.

ಪುಣೆ ಮಹಾರಾಷ್ಟ್ರದಲ್ಲಿದೆ, ಹೊರರಾಜ್ಯಕ್ಕೆ ಒಂದು ರೂಪಾಯಿ ಬಿಲ್ ಮಾಡಿದರೂ ನೋಂದಣಿ ಬೇಕು ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. 2017ರ ಅಕ್ಟೋಬರ್ 13ರ ಅಧಿಸೂಚನೆಯಿಂದ ಸೇವೆ ಒದಗಿಸುವವರಿಗೆ ಹೊರರಾಜ್ಯದ ಕೆಲಸಕ್ಕೂ ಅದೇ 20 ಲಕ್ಷದ ರಿಯಾಯಿತಿ ಸಿಕ್ಕಿದೆ.

ಮಿತಿ ದಾಟಿಯೂ ಸುಮ್ಮನಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ 2025ರ ಜುಲೈ ನೆನಪಿಸಿದರೆ ಸಾಕು. ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು, ಅಂಗಡಿಗಳ ಮುಂದಿನ ಕ್ಯೂಆರ್ ಚೀಟಿಗಳು ಕೆಳಗಿಳಿದವು. ನಿಮ್ಮ ವಿಷಯದಲ್ಲಿ ಯುಪಿಐವರೆಗೂ ಹೋಗಬೇಕಿಲ್ಲ. ಟಿಡಿಎಸ್ ರೂಪದಲ್ಲಿ ನಿಮ್ಮ ಬಹುಪಾಲು ಜಮೆ ಆಗಲೇ ಸರ್ಕಾರದ ಕಡತದಲ್ಲಿ ಕೂತಿದೆ.

ಶೇ 18 ಯಾರ ಜೇಬಿನಿಂದ?

ಸಾಫ್ಟ್‌ವೇರ್ ಸೇವೆಗೆ ಜಿಎಸ್‌ಟಿ ಶೇ 18. ಗಿರಾಕಿ ಕರ್ನಾಟಕದೊಳಗಿದ್ದರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲು) 9, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 9 ಎಂದು ಎರಡು ಸಾಲು. ಪುಣೆಯವರಿಗೆ ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ) 18 ಎಂದು ಒಂದೇ ಸಾಲು. ಈ ದುಡ್ಡು ಕಂಡಕ್ಟರ್ ಹೆಗಲ ಚೀಲದಲ್ಲಿರುವ ಟಿಕೆಟ್ ದುಡ್ಡಿನಂತೆ. ಹೊತ್ತುಕೊಂಡು ತಿರುಗುವುದು ನೀವು, ಸಂಜೆ ಡಿಪೋಗೆ ಕಟ್ಟಬೇಕು. ಕೊಡುವವನು ಗಿರಾಕಿ.

ಆ ಗಿರಾಕಿಯೂ ಜಿಎಸ್‌ಟಿ ನೋಂದಾಯಿತ ಕಂಪನಿಯಾಗಿದ್ದರೆ ಅವನಿಗೂ ಅದು ಹೊರೆಯಲ್ಲ. ನಿಮಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾನೆ. ಇದನ್ನೇ ಇನ್‌ಪುಟ್ ಕ್ರೆಡಿಟ್ ಎನ್ನುವುದು. ಹೊರೆಯಾಗುವುದು ಈ ಕ್ರೆಡಿಟ್ ಪಡೆಯಲಾರದವರಿಗೆ: ಶಾಲೆ, ಆಸ್ಪತ್ರೆ, ನೋಂದಣಿ ಇಲ್ಲದ ಅಂಗಡಿ, ಸ್ವಂತ ಬಳಕೆಗೆ ಆ್ಯಪ್ ಮಾಡಿಸಿಕೊಳ್ಳುವ ವ್ಯಕ್ತಿ. ಅಂಥವರೊಂದಿಗೆ ದರದ ಮಾತು ಬಂದಾಗ ಒಂದಿಷ್ಟು ಬಗ್ಗಬೇಕಾಗುತ್ತದೆ. ನಿಮ್ಮ ಇಬ್ಬರು ದೇಶೀ ಗಿರಾಕಿಗಳು ಕಂಪನಿಗಳಾದ್ದರಿಂದ ಬಗ್ಗುವ ಅಗತ್ಯ ಕಾಣುವುದಿಲ್ಲ. ಬೇಕಾದರೆ ಅವರ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಕೇಳಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಕರ್ನಾಟಕದ್ದಾದರೆ 29ರಿಂದ, ಮಹಾರಾಷ್ಟ್ರದ್ದಾದರೆ 27ರಿಂದ ಶುರುವಾಗುತ್ತದೆ.

ಈಗ ‘ಎಲ್ಲಾ ಸೇರಿ ಸಾವಿರ’ಕ್ಕೆ ಬರೋಣ. ಬಿಲ್ಲಿನ ಮೊತ್ತದಲ್ಲೇ ತೆರಿಗೆ ಸೇರಿದೆ ಎಂದಾದರೆ ಅದನ್ನು 118ರಿಂದ ಭಾಗಿಸಿ 100ರಿಂದ ಗುಣಿಸಬೇಕು. ₹1,000ದಲ್ಲಿ ನಿಮ್ಮ ದರ ₹847, ತೆರಿಗೆ ₹153. ಹಲವರು ಸಾವಿರದ ಶೇ 18 ಎಂದು ₹180 ಕಳೆದು ₹820 ಎನ್ನುತ್ತಾರೆ, ಅದು ತಪ್ಪು ಲೆಕ್ಕ. ಪುಣೆಯವರ ಕಡೆಯಿಂದ ನೋಡಿ: ನೋಂದಣಿ ಇರುವ ನಿಮಗೆ ಸಾವಿರ ಕೊಟ್ಟು ₹153 ಕ್ರೆಡಿಟ್ ತೆಗೆದುಕೊಂಡರೆ ಅವರಿಗೆ ಬಿದ್ದ ಖರ್ಚು ₹847. ‘ಸಾವಿರ, ಜಿಎಸ್‌ಟಿ ಪ್ರತ್ಯೇಕ’ ಎಂದಿದ್ದರೆ ₹1,180 ಕೊಟ್ಟು ₹180 ವಾಪಸ್ ಪಡೆಯುತ್ತಿದ್ದರು, ಖರ್ಚು ಸಾವಿರ. ಅಂದರೆ ಅವರು ಮನಸ್ಸಿನಲ್ಲಿ ತೆಗೆದಿಟ್ಟ ಸಾವಿರಕ್ಕಿಂತ ಅವರಿಗೆ ಒಂದು ಪೈಸೆಯೂ ಹೆಚ್ಚು ಬೀಳುವುದಿಲ್ಲ. ಇದು ಅವರ ಲೆಕ್ಕ ವಿಭಾಗಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮೊಂದಿಗೆ ಮಾತಾಡುವ ಮ್ಯಾನೇಜರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ವಿವರಿಸಿ ಹೇಳಿ.

ಬೆಂಗಳೂರಿನ ಕರಾರು ಇದಕ್ಕಿಂತ ತುರ್ತು. ಅದರಲ್ಲಿ ‘ತಿಂಗಳಿಗೆ ₹1,20,000’ ಎಂದಷ್ಟೇ ಇದ್ದು ಜಿಎಸ್‌ಟಿ ಮಾತೇ ಇಲ್ಲದಿದ್ದರೆ, ನೋಂದಣಿಯಾದ ಮರುದಿನ ‘ತೆರಿಗೆ ಅದರಲ್ಲೇ ಸೇರಿದೆ’ ಎಂದು ಅವರು ವಾದಿಸಬಹುದು. ಆಗ ನಿಮ್ಮ ಪಾಲು ₹1,01,695ಕ್ಕೆ ಇಳಿಯುತ್ತದೆ, ತಿಂಗಳಿಗೆ ₹18,305 ಖೋತಾ. ನೋಂದಣಿ ಅರ್ಜಿ ಹಾಕುವ ಮುನ್ನವೇ ‘ಅನ್ವಯವಾಗುವ ಜಿಎಸ್‌ಟಿ ಪ್ರತ್ಯೇಕ’ ಎಂಬ ಒಂದು ಸಾಲನ್ನು ಇಮೇಲ್‌ನಲ್ಲಾದರೂ ಒಪ್ಪಿಸಿಕೊಳ್ಳಿ. ಮತ್ತೊಂದು ಮಾತು: ನೋಂದಣಿ ಆಗದೆ ಜಿಎಸ್‌ಟಿ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ವಸೂಲಿ ಮಾಡುವಂತಿಲ್ಲ, ಅದು ಅಪರಾಧ.

ಹಾಗಾದರೆ ದರ ಎಷ್ಟು?

ತೆರಿಗೆಯನ್ನು ಪಕ್ಕಕ್ಕಿಟ್ಟರೆ ಉಳಿಯುವುದು ನಿಜವಾದ ಪ್ರಶ್ನೆ. 13 ಲಕ್ಷವನ್ನು ವರ್ಷದ 261 ವಾರದ ದಿನಗಳಿಗೆ, ದಿನಕ್ಕೆ ಎಂಟು ಗಂಟೆಯಂತೆ ಹಂಚಿದರೆ ಗಂಟೆಗೆ ₹623 ಬರುತ್ತದೆ. ಈ ಅಂಕಿ ತಲೆಯಲ್ಲಿದ್ದರೆ ಸಾವಿರ ಎಂಬುದು ಲಾಟರಿ ಹೊಡೆದಂತೆ ಕಾಣುತ್ತದೆ. ಆದರೆ ನೌಕರಿಯಲ್ಲಿದ್ದಾಗ ಕೆಲಸವಿಲ್ಲದ ಗಂಟೆಗೂ ಸಂಬಳ ಬರುತ್ತಿತ್ತು. ಹಬ್ಬದ ರಜೆಗೆ, ಜ್ವರ ಬಂದ ದಿನಕ್ಕೆ, ಮೀಟಿಂಗಿನಲ್ಲಿ ಆಕಳಿಸಿದ್ದಕ್ಕೂ.

ಸ್ವಂತ ಲೆಕ್ಕ ಹಾಕಿ. 261ರಲ್ಲಿ ಹಬ್ಬ 12, ರಜೆ 15, ಅನಾರೋಗ್ಯ 6 ಕಳೆಯಿರಿ, 228 ಉಳಿಯಿತು. ಅದರಲ್ಲಿ ಕಾಲುಭಾಗ ಹೊಸ ಗಿರಾಕಿಯೊಂದಿಗೆ ಮಾತುಕತೆ, ಅಂದಾಜು ಪತ್ರ, ಬಿಲ್ಲು, ಬಾಕಿ ಕೇಳುವ ಫೋನು, ಹೊಸದನ್ನು ಕಲಿಯುವುದು ಇತ್ಯಾದಿಗೆ ಹೋಗುತ್ತದೆ. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. 171 ದಿನ ಉಳಿಯಿತು. ದಿನಕ್ಕೆ ಬಿಲ್ ಮಾಡಬಹುದಾದ ಆರು ಗಂಟೆಯಂತೆ 1,026 ಗಂಟೆ. ನೌಕರಿಯ 2,088 ಗಂಟೆಗಳ ಅರ್ಧಕ್ಕಿಂತಲೂ ಕಡಿಮೆ.

ಇನ್ನು ಬೇಕಾದ ಮೊತ್ತ. ಹಳೆಯ 13 ಲಕ್ಷದಲ್ಲಿ ಕಂಪನಿ ಕಟ್ಟುತ್ತಿದ್ದ ಪಿಎಫ್ ಪಾಲು, ಗ್ರಾಚ್ಯುಯಿಟಿ ಸೇರಿರುತ್ತವೆ, ಅವನ್ನು ಈಗ ನೀವೇ ಎತ್ತಿಡಬೇಕು. ಅದರ ಮೇಲೆ ಕುಟುಂಬದ ಆರೋಗ್ಯ ವಿಮೆ 40 ಸಾವಿರ, ಲ್ಯಾಪ್‌ಟಾಪಿನ ವರ್ಷದ ಪಾಲು 30 ಸಾವಿರ, ಇಂಟರ್ನೆಟ್, ಯುಪಿಎಸ್, ಸಾಫ್ಟ್‌ವೇರ್ ಚಂದಾ 60 ಸಾವಿರ, ಸಿಎ ಶುಲ್ಕ 30 ಸಾವಿರ, ಕೆಲಸ ಇಲ್ಲದ ತಿಂಗಳಿಗೆ ಮೀಸಲು 1.40 ಲಕ್ಷ ಎಂದಿಟ್ಟುಕೊಳ್ಳಿ. ಇವು ನನ್ನ ಅಂದಾಜು, ನಿಮ್ಮ ಅಂಕಿ ಹಾಕಿಕೊಳ್ಳಿ. ಒಟ್ಟು 16 ಲಕ್ಷ. 1,026ರಿಂದ ಭಾಗಿಸಿದರೆ ಗಂಟೆಗೆ ಸುಮಾರು ₹1,560. ನೌಕರಿಯಷ್ಟೇ ನೆಮ್ಮದಿಯಲ್ಲಿ ಬದುಕಲು ಬೇಕಾದ ದರ ಇದು. ಲಾಭ ಇನ್ನೂ ಶುರುವಾಗಿಲ್ಲ.

ಬೆಂಗಳೂರಿನವರು ಕೊಡುತ್ತಿರುವುದು ಗಂಟೆಗೆ ₹1,200. ಅದು ಕಡಿಮೆಯೇ. ಆದರೆ ತಿಂಗಳು ತಿಂಗಳು ಖಾತ್ರಿ ನೂರು ಗಂಟೆ ಕೊಡುವವರಿಗೆ ದರದಲ್ಲಿ ಬಿಟ್ಟುಕೊಡುವುದರಲ್ಲಿ ಅರ್ಥವಿದೆ, ಅಲ್ಲಿ ಗಿರಾಕಿ ಹುಡುಕುವ ಹೊತ್ತು ಉಳಿಯುತ್ತದೆ. ಪುಣೆಯದು ಹಾಗಲ್ಲ. ಬೆಂಗಳೂರಿನ ಕೆಲಸವೇ ವರ್ಷಕ್ಕೆ 1,200 ಗಂಟೆ. ಪುಣೆಯ 480 ಸೇರಿದರೆ 1,680, ಅದರ ಮೇಲೆ ಅಮೆರಿಕದ್ದು. ಅಂದರೆ ಪುಣೆಯವರಿಗೆ ನೀವು ಮಾರುತ್ತಿರುವುದು ನಿಮ್ಮ ಶನಿವಾರ, ಭಾನುವಾರ ಮತ್ತು ರಾತ್ರಿಯನ್ನು. ಹೆಚ್ಚುವರಿ ಹೊತ್ತಿನ ಕೆಲಸವನ್ನು ಮಾಮೂಲಿಗಿಂತ ಅಗ್ಗಕ್ಕೆ ಯಾರು ಮಾಡುತ್ತಾರೆ? ₹1,600, ಜಿಎಸ್‌ಟಿ ಪ್ರತ್ಯೇಕ ಎಂದು ಹೇಳಿ. ಚೌಕಾಸಿಯಲ್ಲಿ ಇಳಿಯಬೇಕಾದರೂ ಬೆಂಗಳೂರಿನ ₹1,200ಕ್ಕಿಂತ ಕೆಳಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟಕ್ಕೂ ಒಪ್ಪದಿದ್ದರೆ ಬಿಡಿ. ಆ 40 ಗಂಟೆಯಲ್ಲಿ ಇನ್ನೊಬ್ಬ ಒಳ್ಳೆಯ ಗಿರಾಕಿಯನ್ನು ಹುಡುಕಬಹುದು.

₹1,600ಕ್ಕೆ ಒಪ್ಪಿದರೆ ತಿಂಗಳ ಬಿಲ್ಲು ಹೀಗೆ ಬರುತ್ತದೆ: 40 ಗಂಟೆಗೆ ₹64,000, ಐಜಿಎಸ್‌ಟಿ ₹11,520, ಒಟ್ಟು ₹75,520. ಟಿಡಿಎಸ್ ಹಿಡಿಯುವುದು ₹64,000ದ ಮೇಲೆ ಮಾತ್ರ, ಅಂದರೆ ₹6,400. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯಬಾರದು ಎಂದು ನೇರ ತೆರಿಗೆ ಮಂಡಳಿಯ 2017ರ 23ನೇ ಸುತ್ತೋಲೆ ಹೇಳುತ್ತದೆ. ಇಡೀ ₹75,520ರ ಮೇಲೆ ಹಿಡಿಯುವ ಲೆಕ್ಕದವರು ಇದ್ದಾರೆ, ಅವರಿಗೆ ಈ ಸಂಖ್ಯೆ ಕಳುಹಿಸಿ. ನಿಮ್ಮ ಖಾತೆಗೆ ₹69,120 ಬರುತ್ತದೆ. ಅದರಲ್ಲಿ ₹11,520 ಸರ್ಕಾರದ್ದು, ₹57,600 ನಿಮ್ಮದು, ಇನ್ನೂ ನಿಮ್ಮದಾದ ₹6,400 ಟಿಡಿಎಸ್ ಆಗಿ ಕೂತಿದೆ. ಹಾಂ, ದರ ಹೀಗೆ ಏರಿದರೆ ಮೇಲೆ ಹೇಳಿದ ಸೊನ್ನೆ ತೆರಿಗೆಯ ಲೆಕ್ಕ ಕೆಡುತ್ತದೆ. ಆದಾಯ 13.21 ಲಕ್ಷವಾಗಿ ಸೆಸ್ ಸೇರಿ ಸುಮಾರು ₹81,000 ತೆರಿಗೆ ಬರುತ್ತದೆ. ಟಿಡಿಎಸ್ ಅದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಹಿಡಿದಿರುತ್ತಾರೆ, ಹಾಗಾಗಿ ಆಗಲೂ ವಾಪಸ್ ಬರುವುದೇ.

ನೋಂದಣಿಗೆ ಮುನ್ನ ಮತ್ತು ನಂತರ

ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಆದರೆ ದಾಟುವುದು ಖಚಿತವಿದ್ದರೆ ಕಾಯುವುದರಲ್ಲಿ ಲಾಭವಿಲ್ಲ, ಪುಣೆಯ ಕರಾರಿಗೆ ಸಹಿ ಬಿದ್ದ ಕೂಡಲೇ ಸ್ವಯಂಪ್ರೇರಿತವಾಗಿ ಮಾಡಿಸಿಕೊಳ್ಳಿ. ಸರ್ಕಾರಿ ಶುಲ್ಕ ಇಲ್ಲ. ಮನೆಯನ್ನೇ ವಿಳಾಸವಾಗಿ ತೋರಿಸಬಹುದು. ಹೆಸ್ಕಾಂ ವಿದ್ಯುತ್ ಬಿಲ್ಲು ಅಥವಾ ಆಸ್ತಿ ತೆರಿಗೆ ರಶೀದಿ ಸಾಕು, ಮನೆ ತಂದೆಯವರ ಹೆಸರಿನಲ್ಲಿದ್ದರೆ ಅವರದೊಂದು ಒಪ್ಪಿಗೆ ಪತ್ರ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಿದ್ದರೆ ನೋಂದಣಿ ಆಗುವವರೆಗೆ ತಡೆಯಿರಿ. ಮೊದಲೇ ಕೊಂಡ ಯಂತ್ರೋಪಕರಣಕ್ಕೆ ಕ್ರೆಡಿಟ್ ಸಿಗುವುದಿಲ್ಲ. ನಂತರ ನಿಮ್ಮ ಜಿಎಸ್‌ಟಿಐಎನ್ ಹಾಕಿಸಿ ಕೊಂಡರೆ ₹90,000ದ ಯಂತ್ರದ ಮೇಲಿನ ₹16,200 ತೆರಿಗೆಯನ್ನು ನೀವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳಬಹುದು.

ವಹಿವಾಟಿನ ಶೇ 6ನ್ನಷ್ಟೇ ಕಟ್ಟಿ ಮುಗಿಸುವ ಕಾಂಪೊಸಿಷನ್ ಯೋಜನೆ ಸುಲಭ ಎಂದು ಯಾರಾದರೂ ಹೇಳಿಯಾರು. ₹50 ಲಕ್ಷದವರೆಗಿನ ಸೇವಾದಾರರಿಗೆ ಅದು ಇದೆ, ಆದರೆ ಹೊರರಾಜ್ಯಕ್ಕೆ ಬಿಲ್ ಮಾಡುವವರಿಗಿಲ್ಲ. ಪುಣೆ, ಅಮೆರಿಕ ಇರುವವರೆಗೆ ನಿಮಗೆ ಅದು ಮುಚ್ಚಿದ ಬಾಗಿಲು.

ಅಮೆರಿಕದ ಬಿಲ್ಲಿಗೆ ಬೇರೆ ದಾರಿ. ಸೇವೆ ಕೊಡುವವರು ಭಾರತದಲ್ಲಿ, ಪಡೆಯುವವರು ಹೊರಗೆ, ದುಡ್ಡು ವಿದೇಶಿ ವಿನಿಮಯದಲ್ಲಿ ಬಂದರೆ ಅದು ರಫ್ತು, ತೆರಿಗೆ ಸೊನ್ನೆ. ನೋಂದಣಿಯ ನಂತರ ಪ್ರತಿ ಆರ್ಥಿಕ ವರ್ಷಕ್ಕೊಮ್ಮೆ ಪೋರ್ಟಲ್‌ನಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಇದನ್ನು ಮರೆಯುವವರು ಬಹಳ. ಬ್ಯಾಂಕಿನಿಂದ ವಿದೇಶಿ ಜಮೆಯ ಪ್ರಮಾಣಪತ್ರ ಪಡೆದು ಬಿಲ್ಲಿನೊಂದಿಗೆ ಲಗತ್ತಿಸಿ ಇಡಿ. ಅಮೆರಿಕದಲ್ಲಿ ಜಿಎಸ್‌ಟಿಯಂಥ ರಾಷ್ಟ್ರವ್ಯಾಪಿ ತೆರಿಗೆ ಇಲ್ಲ, ಮಾರಾಟ ತೆರಿಗೆ ರಾಜ್ಯಗಳದು. ನಿಮ್ಮ ಬಿಲ್ಲಿನಲ್ಲಿ ಅವರ ತೆರಿಗೆಯ ಸಾಲನ್ನು ನೀವಾಗಿ ಸೇರಿಸಲು ಹೋಗಬೇಡಿ. ಅವರು ಡಬ್ಲ್ಯೂ-8ಬಿಇಎನ್ ಫಾರ್ಮ್ ಕೇಳಿದರೆ ತುಂಬಿ ಕೊಡಿ, ನೀವು ಅಮೆರಿಕದವರಲ್ಲ ಎಂಬ ಘೋಷಣೆ ಅದು. ಇದರ ಇನ್ನೊಂದು ಮುಖವೂ ಇದೆ: ವಿದೇಶಿ ಕಂಪನಿಗಳಿಂದ ನೀವು ಕೆಲಸಕ್ಕೆ ಕೊಳ್ಳುವ ಕ್ಲೌಡ್ ಚಂದಾ, ಉಪಕರಣಗಳ ಮೇಲೆ, ನೋಂದಣಿಯ ನಂತರ ನೀವೇ ರಿವರ್ಸ್ ಚಾರ್ಜ್ ಲೆಕ್ಕದಲ್ಲಿ ಶೇ 18 ನಗದಾಗಿ ಕಟ್ಟಬೇಕು. ಆಮೇಲೆ ಕ್ರೆಡಿಟ್ ಸಿಗುತ್ತದೆ, ಆದರೆ ಕಟ್ಟುವುದು ತಪ್ಪುವುದಿಲ್ಲ.

ರಿಟರ್ನ್‌ಗಳ ಬಗ್ಗೆ ಚುಟುಕಾಗಿ: ತಿಂಗಳ ಲೆಕ್ಕವಾದರೆ ಜಿಎಸ್‌ಟಿಆರ್-1 (ನೀವು ಮಾಡಿದ ಬಿಲ್ಲುಗಳ ವಿವರ) ಮುಂದಿನ ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ ಹಾಕಿ ಕಟ್ಟುವುದು) 20ಕ್ಕೆ. ತ್ರೈಮಾಸಿಕ ಆರಿಸಿಕೊಂಡರೆ 13 ಮತ್ತು ಕರ್ನಾಟಕದವರಿಗೆ 22, ಆದರೆ ತೆರಿಗೆಯನ್ನು ನಡುವಿನ ತಿಂಗಳುಗಳಲ್ಲೂ 25ರೊಳಗೆ ಕಟ್ಟಬೇಕು. ಬಿಲ್ಲು ಮಾಡದ ತಿಂಗಳಿಗೂ ಸೊನ್ನೆಯ ರಿಟರ್ನ್ ಹಾಕಬೇಕು. ತಡವಾದರೆ ದಿನಕ್ಕೆ ₹50, ಸೊನ್ನೆ ರಿಟರ್ನ್‌ಗೆ ₹20, ಬಾಕಿ ತೆರಿಗೆಗೆ ವಾರ್ಷಿಕ ಶೇ 18 ಬಡ್ಡಿ. ನೀವು ಜಿಎಸ್‌ಟಿಆರ್-1 ಹಾಕದಿದ್ದರೆ ಗಿರಾಕಿಗೆ ಕ್ರೆಡಿಟ್ ಕಾಣುವುದಿಲ್ಲ, ಮುಂದಿನ ಬಿಲ್ಲು ತಡೆಹಿಡಿಯುತ್ತಾರೆ. ದಂಡಕ್ಕಿಂತ ಹೆಚ್ಚು ನೋಯಿಸುವುದು ಅದು.

ದುಡ್ಡು ಬರುವ ಮುನ್ನವೇ ತೆರಿಗೆ ಕಟ್ಟಬೇಕಾಗುವುದು ಹೊಸಬರಿಗೆ ಅನಿರೀಕ್ಷಿತ ಪೆಟ್ಟು. ಬಿಲ್ಲಿನ ದಿನಾಂಕ ಅಥವಾ ಹಣ ಬಂದ ದಿನ, ಯಾವುದು ಮೊದಲೋ ಅದರಂತೆ ಜಿಎಸ್‌ಟಿ ಹೊಣೆ ಹುಟ್ಟುತ್ತದೆ. ಬೆಂಗಳೂರು, ಪುಣೆ ಎರಡೂ ಸೇರಿ ತಿಂಗಳಿಗೆ ₹33,120. ಒಬ್ಬರು ಮೂರು ತಿಂಗಳು ಸತಾಯಿಸಿದರೂ ಅವರ ಪಾಲಿನ ತೆರಿಗೆ ನಿಮ್ಮ ಕೈಯಿಂದ ಹೋಗುತ್ತದೆ. ಅದಕ್ಕೇ ಜಿಎಸ್‌ಟಿಗೆಂದೇ ಬೇರೆ ಉಳಿತಾಯ ಖಾತೆ ತೆರೆದು, ಹಣ ಬಂದ ದಿನವೇ ಆ ಪಾಲನ್ನು ಅಲ್ಲಿಗೆ ಸರಿಸಿ. ಜೊತೆಗೆ ಸಣ್ಣ ಉದ್ಯಮಗಳಿಗೆಂದೇ ಇರುವ ಉದ್ಯಮ್ ನೋಂದಣಿ ಮಾಡಿಸಿ, ಅದೂ ಉಚಿತ. ಕಿರು, ಸಣ್ಣ ಉದ್ಯಮಕ್ಕೆ ಕರಾರಿದ್ದರೆ ಗರಿಷ್ಠ 45 ದಿನ, ಲಿಖಿತ ಕರಾರಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳಿ ಗಿರಾಕಿಯನ್ನು ಕಳೆದುಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ, ನಿಜ. ಆದರೆ ಆ ಗಡುವಿನೊಳಗೆ ಕೊಡದ ಮೊತ್ತವನ್ನು ಕಂಪನಿ ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು ಎಂದು ಆದಾಯ ತೆರಿಗೆಯ ಸೆಕ್ಷನ್ 43ಬಿ(ಎಚ್) ಹೇಳುತ್ತದೆ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಮುದ್ರಿಸಿ. ಮಾರ್ಚ್ ಹತ್ತಿರ ಬಂದಂತೆ ಅವರ ಲೆಕ್ಕದವರೇ ನಿಮ್ಮ ಬಿಲ್ಲನ್ನು ಹುಡುಕಿ ತೆಗೆಯುತ್ತಾರೆ.

ಪುಣೆಯವರಿಗೆ ಬರೆಯುವ ಪತ್ರದಲ್ಲಿ ಇಷ್ಟಿರಲಿ: ಗಂಟೆಗೆ ₹1,600, ಅನ್ವಯವಾಗುವ ಜಿಎಸ್‌ಟಿ ಪ್ರತ್ಯೇಕ, ಟಿಡಿಎಸ್ ಮೂಲ ಮೊತ್ತದ ಮೇಲೆ ಮಾತ್ರ, ಬಿಲ್ಲು ಕೊಟ್ಟ 30 ದಿನದೊಳಗೆ ಪಾವತಿ, ತಿಂಗಳಿಗೆ ಕನಿಷ್ಠ 40 ಗಂಟೆಯ ಖಾತ್ರಿ. ಕೊನೆಯದನ್ನು ಅವರು ಒಪ್ಪಲು ಹಿಂಜರಿದರೆ, ದರದಲ್ಲಿ ನೂರು ರೂಪಾಯಿ ಬಿಟ್ಟಾದರೂ ಒಪ್ಪಿಸಿಕೊಳ್ಳಿ.